ಚುಚ್ಚದ ಎಲೆ

ನಮ್ಮ ಕಟ್ಟಡದ ಎರಡನೇ ಮಹಡಿಯ ಲೋರೆ ವಿಸ್ಸೆಲ್ ಇಪ್ಪತ್ತೊಂಬತ್ತು ವರ್ಷ ಫ್ರಾಂಕ್‌ಫರ್ಟಿನಲ್ಲಿ ಟ್ರಾಮ್ ಓಡಿಸಿದವಳು. ಒಂದೇ ಒಂದು ಅಪಘಾತ ಮಾಡಲಿಲ್ಲ. ಅದಕ್ಕೆ ಜೊತೆಯವರು ಹೊಗಳಬೇಕಿತ್ತು, ಅವರು 'ಬ್ರೇಕ್ ಲೋರೆ' ಎಂದು ಅಡ್ಡಹೆಸರಿಟ್ಟರು. ಹಳಿಯ ಮೇಲೆ ಪಾರಿವಾಳ ಕೂತಿದ್ದರೂ ಗಾಡಿ ನಿಲ್ಲಿಸಿ, ಗಂಟೆ ಬಾರಿಸಿ, ಅದು ತನ್ನ ಪಾಡಿಗೆ ನಡೆದು ಹೋಗುವವರೆಗೆ ಕಾಯುವವಳು. ನಿವೃತ್ತಿಯಾದ ಮೇಲೂ ಆ ಸ್ವಭಾವ ಬಿಡಲಿಲ್ಲ. ಹಾಲು ತರಲು ಹೊರಟರೆ ಒಲೆ ಆರಿಸಿದೆನೋ ಇಲ್ಲವೋ ಎಂದು ಮೆಟ್ಟಿಲಿಂದ ಎರಡು ಸಲವಾದರೂ ವಾಪಸು ಹೋಗುತ್ತಾಳೆ. ನಾನು ಉಟೆ, ಅವಳ ತಲೆಯ ಮೇಲಿನ ಮನೆಯವಳು. ಆ ಹೆಜ್ಜೆಯ ಸದ್ದು ಕೇಳಿ ಕೇಳಿ ನನಗೆ ರೂಢಿಯಾಗಿದೆ.

ಅವಳ ಭಯಗಳಿಗೆಲ್ಲ ವರ್ಷಕ್ಕೊಂದು ಹಬ್ಬವಿತ್ತು. ಈಸ್ಟರ್‌ಗೆ ಮುಂಚಿನ ಗುರುವಾರವನ್ನು ನಮ್ಮಲ್ಲಿ ಹಸಿರು ಗುರುವಾರ ಎನ್ನುತ್ತಾರೆ. ಅವತ್ತು ಊರಿಗೆ ಊರೇ ಹಸಿರು ಗೊಜ್ಜು ತಿನ್ನುತ್ತದೆ. ಏಳು ಸೊಪ್ಪನ್ನು ಹಸಿಯಾಗಿಯೇ ಸಣ್ಣಗೆ ಹೆಚ್ಚಿ, ಮೊಸರು, ಹುಳಿ ಕೆನೆ, ಸಾಸಿವೆ, ಬೇಯಿಸಿದ ಮೊಟ್ಟೆ ಹಾಕಿ ಕಲಸಿ, ಬಿಸಿ ಆಲೂಗಡ್ಡೆಯ ಮೇಲೆ ತಣ್ಣಗೆ ಸುರಿದುಕೊಳ್ಳುವುದು. ಸೊಪ್ಪು ಏಳೆಂದರೆ ಏಳೇ. ಆರಾದರೆ ಮರ್ಯಾದೆ ಹೋಯಿತು, ಎಂಟಾದರೆ ಜಗಳ.

ಪೇಟೆಯಲ್ಲಿ ಏಳನ್ನೂ ಬಿಳಿ ಕಾಗದದಲ್ಲಿ ಸುತ್ತಿ ಒಂದೇ ಕಟ್ಟಾಗಿ ಮಾರುತ್ತಾರೆ. ಲೋರೆ ಅದನ್ನು ಮುಟ್ಟುತ್ತಿರಲಿಲ್ಲ. "ಆ ಸುರುಳಿ ಒಳಗೆ ಯಾರು ಏನು ಸೇರಿಸಿರ್ತಾರೋ ಯಾರಿಗ್ಗೊತ್ತು" ಎನ್ನುತ್ತಿದ್ದಳು. ಏಳನ್ನೂ ತನ್ನ ಬಾಲ್ಕನಿಯಲ್ಲೇ ಬೆಳೆಯುತ್ತಿದ್ದಳು. ನಾಲ್ಕು ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲದ ಜಾಗ ಅದು. ಹೂಪೆಟ್ಟಿಗೆಗಳನ್ನು ಎಲ್ಲರೂ ಕಂಬಿಯ ಹೊರಗೆ ನೇತುಹಾಕಿದರೆ ಇವಳು ಒಳಗೆ, ಅದೂ ನೆಲದ ಮೇಲೆ ಇಟ್ಟಿದ್ದಳು. ಕೆಳಗೆ ಹೋಗುವವರ ತಲೆ ಮೇಲೆ ಬಿದ್ದರೆ ಎಂಬ ಯೋಚನೆ. ಈರುಳ್ಳಿ ಹೂವಿನ ಎಳೆ ಎಲೆಯಂಥ ಚೈವ್ಸ್‌ಗೆ ಹಳೆಯ ಎನಾಮಲ್ ಪಾತ್ರೆ. ಹುಳಿಸೊಪ್ಪಿಗೆ ಸೇಬಿನ ಮರದ ಪೆಟ್ಟಿಗೆ. ಪಿಂಪಿನೆಲ್ಲೆ ಎಂಬ ಹಲ್ಲುಹಲ್ಲು ಎಲೆಯ ಸೊಪ್ಪಿಗೆ ತಳಕ್ಕೆ ತೂತು ಹೊಡೆದ ಬಣ್ಣದ ಬಕೆಟ್ಟು. ಕೆರ್ಬೆಲ್ ಎಂಬ ನವಿರು ಸೊಪ್ಪಿಗೆ ಬಿಸಿಲು ತಾಗಿದರೆ ಹೂ ಬಿಟ್ಟು ಹಾಳಾಗುತ್ತದೆ, ಅದಕ್ಕೆ ಗೋಡೆಯ ನೆರಳು. ಪಾರ್ಸ್ಲಿ ಮೊಳೆಯಲು ಮೂರು ವಾರ ಸತಾಯಿಸುತ್ತದೆ ಎಂದು ಜನವರಿಯಲ್ಲೇ ಅಡುಗೆಮನೆಯ ಹೀಟರ್ ಮೇಲೆ ಬಿತ್ತಿಡುತ್ತಿದ್ದಳು. ಅಳವಿ ಬೀಜವನ್ನು ಹತ್ತು ದಿನ ಮುಂಚೆ ಒದ್ದೆ ಹತ್ತಿಯ ಮೇಲೆ ಚೆಲ್ಲಿದರೆ ಸಾಕು. ಏಳನೆಯದೇ ಬೊರೆಚ್, ಅವಳ ಜೀವ ತಿನ್ನುವುದು. ಅದರ ಬೇರು ಆಳಕ್ಕಿಳಿಯುತ್ತದೆ, ದೊಡ್ಡ ಮಣ್ಣಿನ ಕುಂಡ ಬೇಕು. ಮಂಜು ಬಿದ್ದರೆ ಒಂದೇ ರಾತ್ರಿಗೆ ಕಪ್ಪಾಗಿ ಮಲಗುತ್ತದೆ. ಅದರ ಎಲೆ ಸೌತೆಕಾಯಿಯ ಹಾಗೆ ಘಮಘಮಿಸುತ್ತದೆ, ಮೈತುಂಬ ಬಿರುಸು ರೋಮ, ಮುಟ್ಟಿದರೆ ಚುಚ್ಚುತ್ತದೆ.

ಗೊಜ್ಜು ಮಾಡಿ ಜಾಡಿಗಳಿಗೆ ತುಂಬಿ ಕಟ್ಟಡದವರಿಗೆಲ್ಲ ಹಂಚುತ್ತಿದ್ದಳು. ನನಗೊಂದು, ನಾಲ್ಕನೇ ಮಹಡಿಯ ಸಿಲ್ಕೆಗೊಂದು, ಕೆಳಗೆ ಚಪ್ಪಲಿ ರಿಪೇರಿ ಅಂಗಡಿಯ ಒಟ್ಮಾರ್‌ಗೊಂದು, ಮೊದಲನೇ ಮಹಡಿಯ ಗುಂಡ್ಲಾಖ್ ಅವರಿಗೊಂದು.

ಈ ಗುಂಡ್ಲಾಖ್ ಎಂಬತ್ತೊಂದು ವರ್ಷದವರು, ಕಾಸೆಲ್ ಕಡೆಯವರು. ಹನ್ನೆರಡು ವರ್ಷದ ಹಿಂದೆ ಇಲ್ಲಿಗೆ ಬಂದಾಗ ಮೊದಲ ಜಾಡಿ ತೆಗೆದುಕೊಂಡು ಕೇಳಿದ್ದು ಒಂದೇ ಮಾತು.

"ಸಬ್ಬಸಿಗೆ ಹಾಕಿದ್ದೀರಾ?"

ಫ್ರಾಂಕ್‌ಫರ್ಟಿನವರ ಮುಂದೆ ಹಸಿರು ಗೊಜ್ಜಿಗೆ ಸಬ್ಬಸಿಗೆ ಸೊಪ್ಪಿನ ಹೆಸರೆತ್ತಿದರೆ ಮುಗಿಯಿತು. ಲೋರೆಯ ಮುಖ ಕಿವಿಯವರೆಗೆ ಕೆಂಪಾಯಿತು.

"ಇಲ್ಲ. ಹಾಕೋದೂ ಇಲ್ಲ."

"ನಮ್ಮೂರಲ್ಲಿ ಹಾಕದೆ ಮೇಜಿಗೆ ತರಲ್ಲಮ್ಮ."

"ಹಾಗಾದ್ರೆ ನಿಮ್ಮೂರಲ್ಲೇ ಇರ್ಬೇಕಿತ್ತು."

ಆದರೂ ಅವರು ದೊಡ್ಡ ಮನುಷ್ಯರೇ. ಪ್ರತಿ ವರ್ಷ ಮಧ್ಯಾಹ್ನದೊಳಗೆ ಜಾಡಿಯನ್ನು ತೊಳೆದು, ಒಳಗೆ ಒಂದು ಚೀಟಿ ಹಾಕಿ ಬಾಗಿಲ ಹೊರಗೆ ಇಟ್ಟಿರುತ್ತಿದ್ದರು. 'ಹೋದ ವರ್ಷಕ್ಕಿಂತ ಚೆನ್ನಾಗಿದೆ' ಎಂದು ಬರೆದಿರುತ್ತಿತ್ತು. ಲೋರೆ ಆ ಚೀಟಿಗಳನ್ನು ಅಡುಗೆ ಪುಸ್ತಕದೊಳಗೆ ಇಟ್ಟುಕೊಂಡಿದ್ದಳು. ನಾನು ನೋಡಿದ್ದೇನೆ. ಎಂಬತ್ತೊಂದರ ಮುದುಕರ ಚೀಟಿಯನ್ನು ಅರವತ್ತೆಂಟರ ಹೆಂಗಸು ಜೋಪಾನ ಮಾಡುತ್ತಿದ್ದಾಳೆ ಎಂದರೆ ಅದಕ್ಕೇನು ಅರ್ಥ ಎಂದು ಛೇಡಿಸಿದರೆ, "ನಿನಗೆ ಬೇರೆ ಕೆಲಸ ಇಲ್ವಾ" ಎಂದು ಪುಸ್ತಕ ಮುಚ್ಚಿದ್ದಳು.

ಆ ವರ್ಷ ಈಸ್ಟರ್ ಬಹಳ ಬೇಗ ಬಂತು, ಹಸಿರು ಗುರುವಾರ ಮಾರ್ಚ್ ತಿಂಗಳಲ್ಲೇ ಬಿತ್ತು. ಲೋರೆಗೆ ಫೆಬ್ರುವರಿಯಿಂದಲೇ ನಿದ್ದೆ ಇಲ್ಲ. ಬೊರೆಚ್ ಕುಂಡವನ್ನು ಗೋಡೆಗೆ ಒತ್ತಿ, ಮೇಲೆ ಹಳೆಯ ಕಿಟಕಿಯ ಗಾಜು ಮುಚ್ಚಿ, ರಾತ್ರಿ ಕಂಬಳಿ ಹೊದಿಸಿ, ಬೆಳಿಗ್ಗೆ ತೆಗೆದು, ಅದರ ಸೇವೆಯೇ ಆಯಿತು. ಬಿತ್ತಿದ ಬೀಜದಲ್ಲಿ ಮೂರೋ ನಾಲ್ಕೋ ಸಸಿ ಬಂದವು, ಅವೂ ಬೆರಳುದ್ದ. ಅಷ್ಟರಲ್ಲಿ ಒಂದು ದಿನ ನನ್ನನ್ನು ಕೆಳಗಿನಿಂದಲೇ ಕೂಗಿದಳು.

"ಉಟೆ, ಕುಂಡದ ಅಂಚಲ್ಲಿ ತಾನಾಗೇ ಹುಟ್ಟಿದೆ ಕಣೆ. ಹೋದ ಬೇಸಿಗೇಲಿ ಬೀಜ ಉದುರಿತ್ತಲ್ಲ, ಚಳಿ ಕಮ್ಮಿ ಇತ್ತು, ಬದುಕಿಬಿಟ್ಟಿದೆ. ಅಂಗೈಯಷ್ಟು ಎಲೆ."

ಬಗ್ಗಿ ನೋಡಿದೆ. ಮೇಲಿನಿಂದ ಗಾಜಿನಡಿ ಏನೋ ಹಸಿರು ಕಂಡಿತು. "ನಿನ್ನ ಪುಣ್ಯ" ಎಂದೆ. ನೋಡಿದ್ದು ಅಷ್ಟೇ. ಇನ್ನೊಂದಿಷ್ಟು ಬಗ್ಗಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ಗೊಜ್ಜು ಕಲಸಿ, ಹತ್ತಕ್ಕೆ ನಾಲ್ಕೂ ಜಾಡಿ ಹಂಚಿ ಬಂದಳು. ಹನ್ನೊಂದಕ್ಕೆ ನಾನು ಮೊಟ್ಟೆ ಸಾಲದೆ ಕೇಳಲು ಅವಳ ಅಡುಗೆಮನೆಗೆ ಹೋದೆ. ಅವಳು ಪಾತ್ರೆ ತೊಳೆಯುತ್ತಿದ್ದಳು. ಹಲಗೆಯ ಮೇಲೆ ಹೆಚ್ಚದೆ ಉಳಿದ ಎರಡು ಎಲೆ ಇದ್ದವು. ಮಾತಾಡುತ್ತ ಒಂದನ್ನು ಕೈಗೆತ್ತಿಕೊಂಡೆ.

ಎಲೆ ಚುಚ್ಚಲಿಲ್ಲ. ತೊಳೆದು ತೊಳೆದು ಮೆತ್ತಗಾದ ಫ್ಲಾನೆಲ್ ಬಟ್ಟೆಯ ಹಾಗಿತ್ತು. ಮೂಸಿದೆ, ಸೌತೆಕಾಯಿಯ ವಾಸನೆಯ ಸುಳಿವಿಲ್ಲ. ತಿರುಗಿಸಿ ನೋಡಿದೆ. ಬೆನ್ನಲ್ಲಿ ಬಿಳಿಚಿದ ನರಗಳ ಬಲೆ.

ಆ ಎಲೆಯ ಗುರುತು ನನಗೆ ಸಿಗದೆ ಇನ್ಯಾರಿಗೆ ಸಿಗಬೇಕು? ಹೋದ ಬೇಸಿಗೆ ನನ್ನ ಬಾಲ್ಕನಿಯಲ್ಲಿ, ಅವಳ ಕುಂಡದ ನೇರ ಮೇಲೆ, ನಾನೇ ಬೆಳೆಸಿದ್ದೆ. ಫಿಂಗರ್‌ಹುಟ್. ಹೊಲಿಯುವವರು ಬೆರಳಿಗೆ ಹಾಕಿಕೊಳ್ಳುವ ಟೋಪಿಯಂಥ ನೇರಳೆ ಹೂ ಸಾಲಾಗಿ ತೂಗುತ್ತದೆ, ನೋಡಲು ಚೆಂದ ಎಂದು ತಂದಿದ್ದೆ. ಹೂ ಒಣಗಿದ ಮೇಲೆ ಕೊಯ್ಯಲು ಸೋಮಾರಿತನ ಮಾಡಿದೆ. ಅದರ ಬೀಜ ನಶ್ಯದ ಪುಡಿಯ ಹಾಗೆ, ಗಾಳಿಗೆ ಉದುರುತ್ತದೆ. ಎಲೆಯಿಂದ ಬೇರಿನವರೆಗೆ ವಿಷ. ಎದೆಬಡಿತವನ್ನೇ ನಿಧಾನ ಮಾಡಿ ನಿಲ್ಲಿಸುವ ವಿಷ.

"ಲೋರೆ, ಇದು ಬೊರೆಚ್ ಅಲ್ಲ."

"ಏನು?"

"ಇದು ಫಿಂಗರ್‌ಹುಟ್."

ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಳ್ಳಲಿಲ್ಲ. ಎಲೆಯನ್ನು ನೋಡಿದಳು, ಆಮೇಲೆ ತಲೆ ಎತ್ತಿ ಚಾವಣಿಯನ್ನು, ಎಂದರೆ ನನ್ನ ಮನೆಯನ್ನು ನೋಡಿದಳು. ನಿನ್ನಿಂದಲೇ ಆದದ್ದು ಎಂದು ಅನ್ನಲಿಲ್ಲ. ಇವತ್ತಿನವರೆಗೂ ಅಂದಿಲ್ಲ. ಅಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಸಿಲ್ಕೆ" ಎಂದಳು. ಸಿಲ್ಕೆ ಏಳು ತಿಂಗಳ ಬಸುರಿ.

ಮೊಣಕಾಲು ನೋವು ಎಂದು ಮೆಟ್ಟಿಲಿಗೊಮ್ಮೆ ನಿಲ್ಲುವವಳು ನನಗಿಂತ ಮುಂದೆ ಓಡಿದಳು. ಸಿಲ್ಕೆ ಬಾಗಿಲು ತೆಗೆದಾಗ ಮನೆಯೊಳಗಿಂದ ಆಲೂಗಡ್ಡೆ ಬೇಯುವ ವಾಸನೆ ಬಂತು. ಲೋರೆ ನೇರ ಅಡುಗೆಮನೆಗೆ ನುಗ್ಗಿ, ಮೇಜಿನ ಮೇಲಿದ್ದ ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಮುಚ್ಚಳದ ಸೀಲು ಹಾಗೇ ಇತ್ತು.

"ನೆಕ್ಕಿದ್ಯಾ? ಒಂದು ಬೆರಳಾದ್ರೂ ಅದ್ದಿದ್ಯಾ?"

"ಇಲ್ಲಪ್ಪ, ಆಲೂಗಡ್ಡೆ ಇನ್ನೂ ಬೆಂದಿಲ್ಲ. ಯಾಕೆ, ಉಪ್ಪು ಹಾಕೋದು ಮರೆತ್ರಾ?"

ಉತ್ತರ ಹೇಳಲು ನಾನು ಹಿಂದೆ ಉಳಿದೆ. ಲೋರೆ ಆಗಲೇ ಮೂರು ಮಹಡಿ ಕೆಳಗೆ ಇಳಿದಾಗಿತ್ತು. ನಾನು ಅಂಗಡಿ ಮುಟ್ಟುವಷ್ಟರಲ್ಲಿ ಒಟ್ಮಾರ್‌ನ ಪಾಲಿಶ್ ಡಬ್ಬಗಳ ನಡುವಿನಿಂದ ಎರಡನೇ ಜಾಡಿಯನ್ನೂ ಕಿತ್ತುಕೊಂಡಿದ್ದಳು. ಅದೂ ತೆರೆದಿರಲಿಲ್ಲ. ಅವನು ಹನ್ನೆರಡೂವರೆಗೆ ಅಂಗಡಿ ಮುಚ್ಚಿದ ಮೇಲೆ ಊಟ ಮಾಡುವವನು. ನನ್ನ ಜಾಡಿ ಮೇಲೆ ನನ್ನ ಮನೆಯಲ್ಲೇ ಭದ್ರವಾಗಿತ್ತು.

ಉಳಿದದ್ದು ಒಂದು, ಇಳಿಯುವ ಧಾವಂತದಲ್ಲಿ ನಾವಿಬ್ಬರೂ ನೋಡದೆ ದಾಟಿ ಬಂದ ಮನೆಯದು. ಗುಂಡ್ಲಾಖ್ ಬೆಳಿಗ್ಗೆ ಐದಕ್ಕೆ ಏಳುತ್ತಾರೆ, ಹನ್ನೊಂದು ಹೊಡೆಯುವ ಮುಂಚೆ ಊಟ ಮುಗಿಸುತ್ತಾರೆ. ಅವರಿಗೆ ಹೃದಯದ ಕಾಯಿಲೆ ಇರುವುದೂ ನಮಗೆ ಗೊತ್ತು, ಔಷಧಿ ಅಂಗಡಿಯಿಂದ ಮಾತ್ರೆ ತಂದುಕೊಡುವವಳೇ ಲೋರೆ.

ಮೊದಲನೇ ಮಹಡಿಯ ತಿರುವಿನಲ್ಲಿ ಅವಳು ನಿಂತುಬಿಟ್ಟಳು. ಅವರ ಬಾಗಿಲ ಮುಂದೆ, ಕಾಲೊರೆಸುವ ಚಾಪೆಯ ಮೇಲೆ, ಜಾಡಿ ಇತ್ತು. ತೊಳೆದು ಒರೆಸಿ ಇಟ್ಟಿತ್ತು. ಒಳಗೆ ಚೀಟಿ.

ನಾನೇ ತೆಗೆದು ಓದಿದೆ. 'ಹೋದ ವರ್ಷಕ್ಕಿಂತ ಚೆನ್ನಾಗಿದೆ.'

ಲೋರೆ ಗಂಟೆ ಒತ್ತಿದಳು. ಒಳಗಿನಿಂದ ರೇಡಿಯೊ ಜೋರಾಗಿ ಕೇಳುತ್ತಿತ್ತು. ಅವರಿಗೆ ಕಿವಿ ಮಂದ, ಮನೆಯಲ್ಲಿ ಒಬ್ಬರೇ ಇರುವಾಗ ಕಿವಿಯ ಯಂತ್ರ ತೆಗೆದಿಟ್ಟು ರೇಡಿಯೊ ಏರಿಸುತ್ತಾರೆ. ಮತ್ತೆ ಒತ್ತಿದಳು. ಮುಷ್ಟಿಯಿಂದ ಬಡಿದಳು. ನಾನು ತುರ್ತು ಸಂಖ್ಯೆಗೆ ಫೋನ್ ಮಾಡಿ ವಿಷಯ ಹೇಳಿದೆ. ಎಂಬತ್ತೊಂದು ವಯಸ್ಸು, ಹೃದಯದ ಮಾತ್ರೆ, ಫಿಂಗರ್‌ಹುಟ್ ಎಲೆ ಎನ್ನುತ್ತಿದ್ದಂತೆ ಆ ಕಡೆಯ ದನಿ ಬದಲಾಯಿತು, ಈಗಲೇ ಹೊರಟರು ಎಂದರು. ಲೋರೆ ಬಡಿಯುತ್ತಲೇ ಇದ್ದಳು.

"ನಾನು ಕೊಂದೆ ಕಣೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಪಾರಿವಾಳ ಸಾಯಿಸ್ಲಿಲ್ಲ."

"ಸುಮ್ನಿರು. ರೇಡಿಯೊ ಜೋರಿದೆ ಅಷ್ಟೇ."

"ಬಿದ್ದಿದ್ರೂ ರೇಡಿಯೊ ನಡೀತಾನೇ ಇರುತ್ತೆ."

ನಾನೂ ಬಾಗಿಲು ಬಡಿಯತೊಡಗಿದೆ. ಎಷ್ಟು ಹೊತ್ತು ಬಡಿದೆವೋ. ಕೊನೆಗೆ ರೇಡಿಯೊ ನಿಂತಿತು, ಚಪ್ಪಲಿ ಎಳೆಯುವ ಸದ್ದು ಬಂತು, ಬಾಗಿಲು ತೆರೆಯಿತು. ಮನೆಯ ಚಪ್ಪಲಿ, ಹೆಣೆದ ಕೋಟು, ಕೈಯಲ್ಲಿ ದಿನಪತ್ರಿಕೆ.

"ಏನು, ಮನೆಗೆ ಬೆಂಕಿ ಬಿತ್ತಾ?"

ಲೋರೆ ಅವರ ತೋಳು ಹಿಡಿದು ಕುರ್ಚಿಯ ಮೇಲೆ ಕೂರಿಸಿದಳು. ಗೊಜ್ಜಿನಲ್ಲಿ ವಿಷದ ಎಲೆ ಸೇರಿದೆ, ವೈದ್ಯರು ಬರುತ್ತಿದ್ದಾರೆ ಎಂದು ಹೇಳಿದಳು. ಅವರು ಕಿವಿಯ ಯಂತ್ರ ಹಾಕಿಕೊಂಡು ಇನ್ನೊಮ್ಮೆ ಹೇಳಿಸಿಕೊಂಡರು. ಕೇಳುತ್ತ ಕೇಳುತ್ತ ಮುಖ ಕೆಂಪಾಯಿತು, ಹಣೆಯಲ್ಲಿ ಬೆವರೊಡೆಯಿತು.

"ನನಗೇನೂ ಆಗಿಲ್ಲ. ವೈದ್ಯರು ಬೇಡ."

"ಬೆವರ್ತಿದ್ದೀರಿ. ಉಟೆ, ನೋಡೇ, ಬೆವರ್ತಿದ್ದಾರೆ."

"ಸೆಕೆ."

"ಮಾರ್ಚಲ್ಲಿ ಎಂಥ ಸೆಕೆ? ಕಣ್ಣು ಮಂಜಾಗ್ತಿದ್ಯಾ? ಹಳದಿ ಹಳದಿ ಕಾಣ್ತಿದ್ಯಾ?"

"ನೀವು ಕಾಣ್ತಿದ್ದೀರಿ" ಎಂದರು ಗುಂಡ್ಲಾಖ್. ಅವರ ದನಿ ಸಣ್ಣಗಾಗಿತ್ತು. ಅವಳ ಮುಖ ನೋಡದೆ ಪತ್ರಿಕೆಯನ್ನು ಮಡಚುತ್ತಲೇ ಇದ್ದರು. ಅವರಿಗೆ ವಿಷ ಹತ್ತುತ್ತಿದೆ ಎಂದೇ ನಾನು ತಿಳಿದೆ.

ಬಂದವರು ಒಬ್ಬಳು ಚಿಕ್ಕ ವಯಸ್ಸಿನ ವೈದ್ಯೆ ಮತ್ತು ಇಬ್ಬರು ಸಹಾಯಕರು. ನಾನು ಎಲೆ ಕೊಟ್ಟೆ. ವೈದ್ಯೆ ಅದನ್ನು ಬೆರಳಲ್ಲಿ ಸವರಿ ತಲೆದೂಗಿ ಚೀಲಕ್ಕೆ ಹಾಕಿದಳು. ಆಮೇಲೆ ಮಾತ್ರೆಯ ಡಬ್ಬಿ ಕೇಳಿ ಓದಿ ತುಟಿ ಕಚ್ಚಿದಳು.

"ಇದೂ ಅದೇ ಗಿಡದ ಜಾತಿ ಔಷಧಿ. ಮಾತ್ರೆ ಮೇಲೆ ಎಲೆ ಬಿದ್ರೆ ಒಂದಕ್ಕೆ ಎರಡಾಗುತ್ತೆ. ಎಷ್ಟು ತಿಂದ್ರಿ?"

ಗುಂಡ್ಲಾಖ್ ಪತ್ರಿಕೆಯನ್ನು ಇನ್ನೂ ಒಂದು ಮಡಿಕೆ ಮಡಚಿದರು.

"ಪೂರ್ತಿ ಜಾಡಿ" ಎಂದಳು ಲೋರೆ. "ತೊಳೆದಿಟ್ಟಿದ್ರು."

ಎದೆಗೆ ತಂತಿ ಅಂಟಿಸಿದರು, ತೋಳಿಗೆ ಸೂಜಿ ಸಿದ್ಧಪಡಿಸಿದರು. ಒಬ್ಬ ಸಹಾಯಕ ಲೋಟದಲ್ಲಿ ಇದ್ದಿಲ ಪುಡಿ ಕಲಸಿದ ಕರಿ ನೀರು ತಂದು ಹಿಡಿದ. ಹೊಟ್ಟೆಯಲ್ಲಿರುವುದನ್ನು ಅದು ಹೀರುತ್ತದಂತೆ. ಗುಂಡ್ಲಾಖ್ ಲೋಟ ಹಿಡಿದು ಅದರೊಳಗೆ ನೋಡಿದರು. ಆಮೇಲೆ ಮೊದಲ ಸಲ ಲೋರೆಯ ಕಡೆ ನೋಡಿದರು. ಅವಳು ಬಾಗಿಲ ಚೌಕಟ್ಟಿಗೆ ಒರಗಿ, ಸದ್ದಿಲ್ಲದೆ ಅಳುತ್ತಿದ್ದಳು.

"ನಾನು ತಿಂದಿಲ್ಲ" ಎಂದರು.

"ಏನಂದ್ರಿ?" ಎಂದಳು ವೈದ್ಯೆ.

"ತಿಂದಿಲ್ಲ. ಒಂದು ಚಮಚವೂ ತಿಂದಿಲ್ಲ. ಶೌಚದ ಗುಂಡಿಗೆ ಸುರಿದು ನೀರು ಬಿಟ್ಟೆ." ಲೋಟವನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು. "ಪ್ರತಿ ವರ್ಷವೂ ಅಷ್ಟೇ."

ಲೋರೆ ಗೋಡೆ ಹಿಡಿದುಕೊಂಡು ಹಾಗೇ ಕೆಳಗೆ ಕೂತಳು.

"ಹನ್ನೆರಡು ವರ್ಷವೂನಾ?"

"ಮೊದಲ ವರ್ಷ ರುಚಿ ನೋಡಿದ್ದೆ."

"ಚೀಟಿ ಬರೀತಿದ್ರಲ್ಲ."

"ಜಾಡಿ ಕೊಡುವಾಗ ನಿಮ್ಮ ಮುಖ ಹೇಗಿರುತ್ತೆ ಅಂತ ನಿಮಗೆ ಗೊತ್ತಿಲ್ಲ. ಚೆನ್ನಾಗಿಲ್ಲ ಅಂತ ಬರೆಯೋಕೆ ಕೈ ಬರಲಿಲ್ಲ. ಆಮೇಲೆ ನಿಜ ಹೇಳೋಕೆ ತಡವಾಗೋಯ್ತು." ಒಂದು ಕ್ಷಣ ಬಿಟ್ಟು ಸೇರಿಸಿದರು. "ಸಬ್ಬಸಿಗೆ ಇಲ್ಲದೆ ನನಗೆ ಗಂಟಲಲ್ಲಿ ಇಳಿಯಲ್ಲ ಲೋರೆ."

ಹನ್ನೆರಡು ವರ್ಷದಲ್ಲಿ ಅವರು ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವಳು ಅದನ್ನು ಗಮನಿಸಿದಳೋ ಇಲ್ಲವೋ.

"ನನ್ನ ಗೊಜ್ಜು ನಿಮ್ಮ ಬಾಯಿಗೆ ಹೋಗಲಿಲ್ಲ ಅಂತ ನಾನೀಗ ದೇವರಿಗೆ ಕೈ ಮುಗೀಬೇಕು" ಎಂದಳು. "ಮುಗೀತೀನಿ. ಮೊದಲು ಮುಗೀತೀನಿ, ಆಮೇಲೆ ನಿಮ್ಮನ್ನ ನೋಡ್ಕೋತೀನಿ."

ನನಗೆ ನಗು ಉಕ್ಕಿ ಬಂತು, ಭಯ ಇಳಿದಾಗ ಬರುವ ಕೆಟ್ಟ ನಗು. ಆದರೆ ವೈದ್ಯೆ ನಗಲಿಲ್ಲ. ಅವಳು ಲೋರೆಯ ಮುಂದೆ ಮೊಣಕಾಲೂರಿ ಕೂತಿದ್ದಳು.

"ನೀವು ಮಾಡಿದ್ದಲ್ವಾ? ರುಚಿ ನೋಡ್ಲಿಲ್ವಾ?"

ಆ ಒಂದು ಪ್ರಶ್ನೆ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ನಾಲ್ಕು ಮಹಡಿ ಹತ್ತಿ ಇಳಿದು ಎಲ್ಲರ ಜಾಡಿ ಕಿತ್ತುಕೊಂಡವಳಿಗೆ ತನ್ನ ನೆನಪೇ ಆಗಿರಲಿಲ್ಲ.

"ನೋಡ್ದೆ. ಉಪ್ಪಿಗೆ ಒಂದು ಚಮಚ, ಸಾಸಿವೆ ಹಾಕಿದ ಮೇಲೆ ಇನ್ನೊಂದು. ಸ್ವಲ್ಪ ಕಹಿ ಅನ್ನಿಸ್ತು. ಪಿಂಪಿನೆಲ್ಲೆ ಬಲಿತಿದೆ ಅಂದ್ಕೊಂಡೆ."

ಸಹಾಯಕರು ಗುಂಡ್ಲಾಖ್ ಅವರ ಎದೆಯ ತಂತಿಗಳನ್ನು ಕಿತ್ತು ಅವಳ ಎದೆಗೆ ಅಂಟಿಸಿದರು. ಅದೇ ಕರಿ ನೀರಿನ ಲೋಟವನ್ನು ಅವಳ ಕೈಗಿಟ್ಟರು. ಅವಳು ಹಿಡಿದಳು, ಲೋಟ ಬೆರಳುಗಳ ನಡುವೆ ಜಾರಿತು. ಸಹಾಯಕ ಹಿಡಿದುಕೊಂಡು ತಾನೇ ಕುಡಿಸಿದ. ಯಂತ್ರದಿಂದ ಕಾಗದದ ಪಟ್ಟಿ ಹೊರಬರುತ್ತಿದ್ದಾಗ ವೈದ್ಯೆ ಕೇಳಿದಳು.

"ಇಷ್ಟು ವರ್ಷದಿಂದ ಬೆಳೀತಿದ್ದೀರಿ. ಬೊರೆಚ್ ಚುಚ್ಚುತ್ತೆ, ಇದು ಚುಚ್ಚಲ್ಲ. ಕೀಳುವಾಗ ಗೊತ್ತಾಗ್ಲಿಲ್ವಾ?"

ಲೋರೆ ತನ್ನ ಬೆರಳುಗಳನ್ನು ಮಡಚಿ ಬಿಡಿಸಿ ನೋಡಿದಳು.

"ನನಗೆ ಯಾವುದೂ ಚುಚ್ಚಲ್ಲ" ಎಂದಳು. "ಎರಡು ವರ್ಷ ಆಯ್ತು. ಸಕ್ಕರೆ ಕಾಯಿಲೆ. ಬೆರಳು ಸತ್ತುಹೋಗಿದೆ."

ಎರಡು ವರ್ಷ. ಅವಳ ಅಡುಗೆಮನೆಯಲ್ಲಿ ವಾರಕ್ಕೆ ಮೂರು ಸಲ ಕಾಫಿ ಕುಡಿಯುವವಳು ನಾನು. ಕೋಟಿನ ಗುಂಡಿ ಹಾಕಿಕೊಳ್ಳಲು ಒದ್ದಾಡಿದರೆ ಚಳಿ ಎಂದುಕೊಂಡಿದ್ದೆ. ಪಾರ್ಸ್ಲಿ ಬೀಜವನ್ನು ಚಿಟಿಕೆಯಲ್ಲಿ ಉದುರಿಸುವುದು ಬಿಟ್ಟು ಚಮಚದಲ್ಲಿ ಸುರಿದರೆ, ವಯಸ್ಸಾದ ಮೇಲೆ ಶೋಕಿ ಹೆಚ್ಚಾಯಿತು ಎಂದು ಅಣಕಿಸಿದ್ದೆ.

"ನನಗೂ ಹೇಳ್ಲಿಲ್ವಲ್ಲೇ" ಎಂದೆ.

"ಹೇಳಿದ್ರೆ ತಿಂತಿದ್ರಾ? ಕೈಗೆ ಏನು ಸಿಕ್ಕಿದೆ ಅಂತಲೇ ತಿಳಿಯದವಳ ಕೈಯಡುಗೆ ಯಾರು ತಿಂತಾರೆ?" ಅವಳ ತುಟಿ, ಗದ್ದವೆಲ್ಲ ಇದ್ದಿಲಿನಿಂದ ಕಪ್ಪಾಗಿತ್ತು. "ವರ್ಷಕ್ಕೆ ನಾಲ್ಕು ಜಾಡಿ. ಅಷ್ಟೇ ನನಗಿದ್ದಿದ್ದು."

ಆಗ ನಾನು ಹೇಳಿದೆ, ಆ ಗಿಡ ನನ್ನದು, ಬೀಜ ನನ್ನ ಬಾಲ್ಕನಿಯಿಂದ ಬಿದ್ದದ್ದು ಎಂದು. ಎಲ್ಲರೆದುರಿಗೇ ಹೇಳಿದೆ, ಆದರೂ ಅದು ಬಹಳ ತಡವಾಗಿ ಬಂದ ಮಾತು. ಲೋರೆ ಕೈ ಅಲ್ಲಾಡಿಸಿ ನನ್ನ ಬಾಯಿ ಮುಚ್ಚಿಸಿದಳು.

ವೈದ್ಯೆ ಕಾಗದದ ಪಟ್ಟಿಯನ್ನು ಎರಡು ಸಲ ನೋಡಿದಳು. ಬಡಿತ ಕೊಂಚ ನಿಧಾನವಿದೆ, ಎರಡು ಚಮಚಕ್ಕೆ ಹೆದರುವಂಥದ್ದು ಆಗಲಾರದು, ಆದರೂ ಎರಡು ದಿನ ಆಸ್ಪತ್ರೆಯಲ್ಲಿ ಕಣ್ಣಿಟ್ಟು ನೋಡಲೇಬೇಕು ಎಂದಳು. ಲೋರೆ ಒಲೆ ಆರಿಸಿದ್ದೀನಾ ನೋಡಿ ಬರುತ್ತೇನೆ ಎಂದು ಏಳಲು ಹೋದಳು. ನಾನೇ ಓಡಿಹೋಗಿ ನೋಡಿ ಬಂದೆ, ಆರಿತ್ತು.

ಗಾಲಿ ಕುರ್ಚಿಯಲ್ಲಿ ಪಟ್ಟಿ ಬಿಗಿದು ಮೆಟ್ಟಿಲಿಳಿಸಿದರು. ಒಟ್ಮಾರ್ ಅಂಗಡಿ ಬಾಗಿಲಲ್ಲಿ ನಿಂತಿದ್ದ, ಸಿಲ್ಕೆ ಮೇಲಿನಿಂದ ಬಗ್ಗಿ ನೋಡುತ್ತಿದ್ದಳು. ಗುಂಡ್ಲಾಖ್ ಮನೆ ಚಪ್ಪಲಿಯಲ್ಲೇ, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹಿಂದೆಯೇ ಇಳಿದರು. ಸಂಬಂಧಿಕರಾ ಎಂದು ಸಹಾಯಕ ಕೇಳಿದ. ಅಲ್ಲ ಎಂದು ಹೇಳಿ ಗಾಡಿ ಹತ್ತಿ ಅವಳ ಪಕ್ಕ ಕೂತರು. ಯಾರೂ ಇಳಿಸಲಿಲ್ಲ.

ನಾನು ಅವಳ ಕೋಟು ಹಿಡಿದು ಗಾಡಿಯ ಬಾಗಿಲಲ್ಲಿ ನಿಂತಿದ್ದೆ. ಅವಳು ಕಣ್ಣು ಮುಚ್ಚಿದ್ದಳು. ಗುಂಡ್ಲಾಖ್ ಅವಳ ಮಡಿಲಲ್ಲಿದ್ದ ಬೆರಳುಗಳನ್ನು ತಮ್ಮ ಕೈಯೊಳಗೆ ತೆಗೆದುಕೊಂಡು, ಸ್ವಲ್ಪ ಹೊತ್ತು ಕಾದು ಕೇಳಿದರು.

"ಹಿಡ್ಕೊಂಡಿರೋದು ಗೊತ್ತಾಗ್ತಿದ್ಯಾ?"

"ಇಲ್ಲ. ಇನ್ನೂ ಸ್ವಲ್ಪ ಮೇಲೆ ಹಿಡೀರಿ."

ಅವರು ಮಣಿಕಟ್ಟಿನ ಹತ್ತಿರ ಹಿಡಿದರು.

"ಈಗ?"

"ಹ್ಞೂಂ" ಎಂದಳು ಲೋರೆ, ಕಣ್ಣು ತೆರೆಯದೆ. "ಈಗ ಗೊತ್ತಾಗ್ತಿದೆ. ಬಿಡ್ಬೇಡಿ."